ಸೀನರಿ ಎತ್ತಿದಾಗ

“ನೀವು ಆ ತುದಿ ಹಿಡ್ಕೊಳ್ಳಿ ಸಾರ್, ಸೀನರಿ ಎತ್ಬೇಕು.”

ಬೆಂಗಳೂರಿನ ಒಂದು ಮನೆಯ ಮಹಡಿ ಕೋಣೆಯಲ್ಲಿ ಗೆಳೆಯರೊಬ್ಬರು ಹೀಗೆಂದರು. ಅವರಿಗೆ ಮಾದರಿ ರೈಲು ಕಟ್ಟುವ ಹವ್ಯಾಸ. ನಿಜದ ರೈಲಿನ 87ರಲ್ಲಿ ಒಂದು ಪಾಲು ಅಳತೆಯ, ಎಚ್‌ಒ ಎಂದು ಕರೆಯುವ ಗಾಡಿಗಳು ಅವರ ಪ್ಲೈವುಡ್ ಮೇಜಿನ ಮೇಲೆ ಓಡುತ್ತವೆ. ಮೇಜಿನ ಒಂದು ಮೂಲೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ. ನಿಜದ ಘಟ್ಟದ ಸುಮಾರು 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ. ಇವರ ಮೇಜಿನ ಮೇಲೆ ಇರುವುದು ಒಂದೇ ಸುರಂಗ. ಆ ಒಂದೇ ಸುರಂಗದೊಳಗೆ ಗೂಡ್ಸ್ ಗಾಡಿಯ ನಡುವಿನ ಡಬ್ಬಿ ಹಳಿ ತಪ್ಪಿ ನಿಂತಿತ್ತು. ಅವರೊಂದು ತುದಿ ಹಿಡಿದರು, ನಾನೊಂದು ತುದಿ ಹಿಡಿದೆ. ಮೂರಡಿ ಉದ್ದದ, ಹಸಿರು ತುಂಬಿದ ಗುಡ್ಡ ಬೆಂಡಿನ ಹಾಗೆ ಮೇಲೆದ್ದು ಬಂತು. ಕೆಳಗೆ ಹಳಿ, ಅಡ್ಡಬಿದ್ದ ಡಬ್ಬಿ, ಒಂದಿಷ್ಟು ಧೂಳು.

ಡಬ್ಬಿ ಹಳಿಗೆ ಬಂದ ಮೇಲೂ ನನ್ನ ಮನಸ್ಸು ಅವರ ಮಾತಿನಲ್ಲೇ ನಿಂತಿತ್ತು. ಸೀನರಿ ಎತ್ತುವುದು! ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಸೀನರಿ ನೋಡುತ್ತೇವೆ. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ಸೀನರಿ ಬರೆಯುತ್ತೇವೆ. ಅದನ್ನು ಎತ್ತಲು ಬರುತ್ತದೆಯೇ? ತುಮಕೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಬೆಳೆದವರನ್ನು ಕೇಳಿದರೆ ಧಾರಾಳವಾಗಿ ಬರುತ್ತದೆ ಅನ್ನುತ್ತಾರೆ. ಅಲ್ಲಿ ಸೀನರಿ ಕಟ್ಟುತ್ತಾರೆ, ಬಿಚ್ಚುತ್ತಾರೆ, ಸುತ್ತುತ್ತಾರೆ, ಲಾರಿಗೆ ಹೇರುತ್ತಾರೆ. ಒಂದು ಪದದ ಸ್ವಭಾವ ತಿಳಿಯಬೇಕಾದರೆ ಅದು ಯಾವ ಕ್ರಿಯಾಪದಗಳ ಜೊತೆ ಓಡಾಡುತ್ತದೆ ಎಂದು ನೋಡಬೇಕು. ‘ನೋಡು’ ಎಂಬ ಕ್ರಿಯೆ ಈ ಪದಕ್ಕೆ ಅಂಟಿಕೊಂಡದ್ದು ತೀರಾ ಈಚೆಗೆ. ಕಟ್ಟು, ಬಿಚ್ಚು, ಎತ್ತು ಎಂಬವೇ ಅದರ ಹುಟ್ಟುನೆಂಟರು.

ಪದದ ಬೇರು ಗ್ರೀಕ್ ಭಾಷೆಯ ‘ಸ್ಕೇನೆ’. ಅದರ ಅರ್ಥ ಗುಡಾರ, ಡೇರೆ, ಚಪ್ಪರ. ನಾಟಕಕ್ಕಿಂತ ಮೊದಲು ಅದು ದಂಡಿನ ಪದ, ದಾರಿಹೋಕರ ಪದ. ಬೈಬಲಿನ ಪೌಲನ ಕಸುಬು ಗುಡಾರ ಮಾಡುವುದು. ಮೂಲ ಗ್ರೀಕ್ ಪಾಠದಲ್ಲಿ ಆ ಕಸುಬಿನ ಹೆಸರಿನೊಳಗೂ ಇದೇ ಸ್ಕೇನೆ ಕೂತಿದೆ. ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡದ ತೆಂಕಣ ಇಳಿಜಾರಿನಲ್ಲಿ ಡಯೊನೈಸಸ್ ದೇವರ ರಂಗಮಂದಿರವಿತ್ತು. ಜನ ಗುಡ್ಡದ ಮೇಲೆ ಕೂರುತ್ತಿದ್ದರು, ಆಟ ಕೆಳಗಿನ ಬಯಲಿನಲ್ಲಿ ನಡೆಯುತ್ತಿತ್ತು. ಪಾತ್ರಧಾರಿಗಳು ಮುಖವಾಡ, ಉಡುಪು ಬದಲಿಸಲು ಆ ಬಯಲಿನ ಹಿಂದೊಂದು ಮರೆ ಬೇಕಿತ್ತು. ಆ ಮರೆಯೇ ಸ್ಕೇನೆ. ಯಕ್ಷಗಾನ ಬಲ್ಲವರಿಗೆ ಹೇಳುವುದಾದರೆ ಅದು ಗ್ರೀಕರ ಚೌಕಿ; ಸಂಸ್ಕೃತ ನಾಟಕದ ಮಾತಿನಲ್ಲಿ ನೇಪಥ್ಯ. ‘ಸೀನರಿ’ ಎಂಬ ಪದ ಹುಟ್ಟಿದ್ದು ಕಣ್ಣಿಗೆ ಕಾಣಿಸುವ ಜಾಗದಲ್ಲಲ್ಲ, ಕಣ್ಣಿನಿಂದ ಮರೆಯಾಗುವ ಜಾಗದಲ್ಲಿ.

ಸ್ಕೇನೆಗೆ ‘ಸ್ಕಿಯಾ’ ಎಂಬ ಪದದೊಡನೆ ನಂಟಿದೆ ಎಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಸ್ಕಿಯಾ ಎಂದರೆ ನೆರಳು. ಅದರ ಸಂಸ್ಕೃತದ ಸೋದರಿ ‘ಛಾಯಾ’. ಗುಡಾರ ಎಂದರೆ ನೆರಳು ಕೊಡುವುದು ತಾನೆ? ಹಾಗೆ ನೋಡಿದರೆ ನಮ್ಮ ‘ಛಾಯಾಚಿತ್ರ’ವೂ ‘ಸೀನರಿ’ಯೂ ಬಹು ದೂರದ ಅಕ್ಕತಂಗಿಯರು. ಹಳೆಯ ಸ್ಟುಡಿಯೋಗಳಲ್ಲಿ ಕೊಳ, ಹಂಸ, ಮೆಟ್ಟಿಲು ಬರೆದ ಪರದೆಯ ಮುಂದೆ ನಮ್ಮ ಅಜ್ಜ ಅಜ್ಜಿಯರು ನಿಂತು ತೆಗೆಸಿಕೊಂಡ ಪಟಗಳಲ್ಲಿ ಆ ಇಬ್ಬರೂ ಮತ್ತೆ ಕೂಡಿದ್ದಾರೆ.

ಮರೆ ಎನ್ನುವುದು ನೋಟವಾದದ್ದು ಹೇಗೆ? ಹಿಂದೆ ಹೇಗೂ ಒಂದು ಮರದ ಕಟ್ಟಡ ನಿಂತಿದೆ. ಅದನ್ನೇ ಅರಮನೆ ಎಂದುಕೊಂಡರಾಯಿತಲ್ಲ ಎಂದು ಯಾರಿಗೋ ಹೊಳೆಯಿತು. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸನ ‘ಒರೆಸ್ಟಿಯಾ’ ನಾಟಕತ್ರಯದಲ್ಲಿ ಕಾವಲುಗಾರ ಅರಮನೆಯ ಮಾಳಿಗೆಯ ಮೇಲಿಂದ ಮಾತಾಡುತ್ತಾನೆ. ಚೌಕಿಯ ಮಾಡು ಅರಮನೆಯ ಮಾಳಿಗೆಯಾಗಿತ್ತು. ಸ್ಕೇನೆಗೆ ಬಣ್ಣದ ಚಿತ್ರ ಬರೆಸುವ ರೂಢಿಯನ್ನು ಸೊಫೊಕ್ಲಿಸ್ ತಂದನೆಂದು ಅರಿಸ್ಟಾಟಲ್ ‘ಪೊಯೆಟಿಕ್ಸ್’ನಲ್ಲಿ ದಾಖಲಿಸಿದ್ದಾನೆ. ಅಂದಿನಿಂದ ಡೇರೆಯ ಹೆಸರು ಡೇರೆಯ ಮೇಲಿನ ಚಿತ್ರಕ್ಕೂ ಸಂದಿತು.

ಆಮೇಲೆ ಕಲ್ಲು ಬಂತು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ರಂಗಮಂದಿರ ಕಲ್ಲಿನದಾಯಿತು. ಪದ ರೋಮಿಗೆ ಹೋಗಿ ಲ್ಯಾಟಿನ್ ರೂಪ ತಳೆಯಿತು. ರೋಮಿನಲ್ಲಿ ಬಹುಕಾಲ ಹಬ್ಬಕ್ಕೆಂದು ಮರದ ರಂಗ ಕಟ್ಟುವುದು, ಹಬ್ಬ ಮುಗಿದೊಡನೆ ಬಿಚ್ಚುವುದು ನಡೆದುಬಂದಿತ್ತು. ಕ್ರಿ.ಪೂ. 55ರಲ್ಲಿ ಪಾಂಪೆ ಕಟ್ಟಿಸಿದ್ದು ಆ ನಗರದ ಮೊದಲ ಶಾಶ್ವತ ಕಲ್ಲಿನ ರಂಗಮಂದಿರ. ಗುಡಾರದ ಹೆಸರು ಹೊತ್ತ ವಸ್ತು ಈಗ ಕಂಬ, ಕಮಾನು, ವಿಗ್ರಹಗಳ ಕಲ್ಲುಗೋಡೆ. ಎತ್ತುವ ಮಾತೇ ಇಲ್ಲ.

ಅದಕ್ಕೆ ಮತ್ತೆ ಚಲನೆ ಬಂದದ್ದು ಇಟಲಿಯಲ್ಲಿ. ಅಲ್ಲಿಯ ‘ಶೇನಾ’ ಬಟ್ಟೆ ಬಿಗಿದ ಚೌಕಟ್ಟುಗಳ ಮೇಲೆ ದೂರ–ಹತ್ತಿರಗಳ ಭ್ರಮೆ ಬರೆದು, ಕ್ಷಣದಲ್ಲಿ ಜಾರಿಸಿ ಬದಲಿಸುವ ವಿದ್ಯೆಯಾಯಿತು. ಇಟಲಿ ಕಂಡು ಬಂದ ಇನಿಗೋ ಜೋನ್ಸ್ 1605ರಲ್ಲಿ ಲಂಡನ್ನಿನ ಅರಮನೆಯ ಆಟಕ್ಕೆ ಅಂಥ ಯಂತ್ರಗಳನ್ನು ಹೂಡಿದ. ಇಂಗ್ಲಿಷಿನಲ್ಲಿ ಸೀನ್ ಆಗಲೇ ಇತ್ತು; ಇಟಲಿಯ ‘ಶೆನಾರಿಯೊ’ದಿಂದ ‘ಸೀನರಿ’ ರೂಪುಗೊಂಡಿತು. ಅದಕ್ಕೆ ಮೊದಲಿದ್ದ ಅರ್ಥಗಳು ನಾಟಕದವೇ. ಗುಡ್ಡ, ನದಿ, ಕಾಡುಗಳ ನೋಟಕ್ಕೆ ಆ ಹೆಸರು ನಿಂತದ್ದು 18ನೇ ಶತಮಾನದ ಕೊನೆಯ ದಶಕಗಳಲ್ಲಿ. ವಿಲಿಯಂ ಗಿಲ್ಪಿನ್ 1782ರಲ್ಲಿ ವೈ ನದಿಯ ಪ್ರವಾಸದ ಪುಸ್ತಕ ಪ್ರಕಟಿಸಿ, ನಾಡನ್ನು ಚಿತ್ರದಂತೆ ನೋಡುವುದನ್ನು ಓದುಗರಿಗೆ ಕಲಿಸಿದ ಕಾಲ ಅದು. ಪರದೆ ಬೆಟ್ಟದಂತಿದೆ ಎನ್ನುತ್ತಿದ್ದ ಜನ ಬೆಟ್ಟವೇ ಪರದೆಯಂತಿದೆ ಎನ್ನತೊಡಗಿದರು.

ಅದೇ ಹೊತ್ತಿಗೆ ಇನ್ನೊಬ್ಬನ ಕೈಯಲ್ಲಿ ಈ ಪದ ಮಾದರಿ ರೈಲಿನ ಮೇಜಿಗೆ ತೀರಾ ಹತ್ತಿರ ಬಂತು. ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿದ ಫಿಲಿಪ್ ಡಿ ಲೂಥರ್‌ಬರ್ಗ್, ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಡೇವಿಡ್ ಗ್ಯಾರಿಕ್‌ಗಾಗಿ ಸೀನರಿ ಮಾಡಿದ ಚಿತ್ರಕಾರ. 1781ರಲ್ಲಿ ಅವನು ‘ಐಡೋಫ್ಯೂಸಿಕಾನ್’ ಎಂಬ ಪುಟ್ಟ ರಂಗವನ್ನು ತೆರೆದ. ಅದರಲ್ಲಿ ನಟರಿಲ್ಲ, ಸೀನರಿಯೇ ಆಟ. ಬೆಳಗಾಗುತ್ತದೆ, ಮೋಡ ಸರಿಯುತ್ತವೆ, ಕಡಲು ಕೆರಳುತ್ತದೆ. ಗ್ರೀನಿಚ್ ಉದ್ಯಾನದಿಂದ ಕಾಣುವ ಲಂಡನ್ನಿನ ನೋಟಕ್ಕೆ ಅವನು ಕಟ್ಟಡಗಳನ್ನು ರಟ್ಟಿನಲ್ಲಿ ಕತ್ತರಿಸಿದ; ಮುಂದಿನ ಕುರುಚಲು ಬಯಲನ್ನು ಕಾರ್ಕಿನ, ಅಂದರೆ ನಮ್ಮ ಮಾತಿನ ಬೆಂಡಿನ, ಒರಟು ಚೂರುಗಳಿಂದ ಮಾಡಿ ಪಾಚಿ, ಕಲ್ಲುಹೂವು ಹೊದಿಸಿದ. ಇಂದಿಗೂ ಮಾದರಿ ರೈಲಿನವರ ಡಬ್ಬಗಳನ್ನು ತೆರೆದು ನೋಡಿ: ಬಂಡೆಗೆ ಕಾರ್ಕ್, ಪೊದೆಗೆ ಬಣ್ಣ ಹಾಕಿದ ಕಲ್ಲುಹೂವು. ರೈಲು ಹುಟ್ಟುವ ಮುನ್ನವೇ ಅದರ ಪುಟ್ಟ ಗುಡ್ಡ ಹುಟ್ಟಿಬಿಟ್ಟಿತ್ತು.

ಆಟಿಕೆ ರೈಲು ಮೊದಲು ಬರೀ ನೆಲದ ಮೇಲೆ ಓಡಿತು. ಅದಕ್ಕೊಂದು ನಾಡು ಬೇಕು ಎಂದು ಮನಗಂಡವರಲ್ಲಿ ಇಂಗ್ಲೆಂಡಿನ ಜಾನ್ ಅಹರ್ನ್ ಮೊದಲಿಗರ ಸಾಲಿನವರು. 1930ರ ದಶಕದ ಕೊನೆಯಲ್ಲಿ ಅವರು ಆರಂಭಿಸಿದ ಮ್ಯಾಡರ್ ವ್ಯಾಲಿ ರೈಲಿನಲ್ಲಿ ಗಾಡಿಯಷ್ಟೇ ಮಹತ್ವ ಬೀದಿಗೆ, ಬಂದರಿಗೆ, ಹೊಲಕ್ಕೆ. ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಂನಲ್ಲಿ ಅದನ್ನು ಈಗಲೂ ಕಾಣಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಅಲೆನ್ ನೆಲದಿಂದ ಚಾವಣಿಯವರೆಗೆ ಗಾರೆಯ ಪರ್ವತಗಳನ್ನೇ ಎಬ್ಬಿಸಿದರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಹತ್ತೇ ದಿನಕ್ಕೆ ಆ ರೈಲುಲೋಕ ಬೆಂಕಿಗೆ ತುತ್ತಾಯಿತು.

ಗಾರೆಯ ಗುಡ್ಡ ಚೆಲುವಾಗಿರುತ್ತದೆ, ನಿಜ. ಆದರೆ ಅದು ರೋಮಿನ ಕಲ್ಲುಗೋಡೆಯ ಹಾಗೆ ಇದ್ದಲ್ಲೇ ಇರುತ್ತದೆ. ಬಾಡಿಗೆ ಮನೆ ಬದಲಿಸಿದರೆ ಒಡೆಯಬೇಕು. ಸುರಂಗದೊಳಗೆ ಹಳಿ ಒರೆಸಲು ಕೈ ಹೋಗದು. ಗೆಳೆಯರ ಮೊದಲ ಗುಡ್ಡವೂ ಪ್ಲಾಸ್ಟರಿನದೇ ಆಗಿತ್ತು. ಮನೆ ಬದಲಿಸುವಾಗ ಅದನ್ನು ಗರಗಸದಿಂದ ಕೊಯ್ದ ದಿನವನ್ನು ಅವರು ಇನ್ನೂ ಮರೆತಿಲ್ಲ. ಒಣಗಿದ ಪ್ಲಾಸ್ಟರ್ ಒಂದು ಘನ ಮೀಟರಿಗೆ ಸಾವಿರ ಕಿಲೋ ಮೀರುತ್ತದೆ. ಕಟ್ಟಡಗಳಿಗೆ ಶಾಖ ತಡೆಯಲು ಬಳಸುವ ಗಟ್ಟಿ ಫೋಮ್ ಅಷ್ಟೇ ಗಾತ್ರಕ್ಕೆ 30–35 ಕಿಲೋ. ಎರಡನೆಯ ಗುಡ್ಡ ಫೋಮಿನದು.

ಅದನ್ನು ಕಟ್ಟಿದ ಬಗೆ ನೋಡಲೇಬೇಕಾದದ್ದು. ಎರಡಿಂಚು ದಪ್ಪದ ಹಲಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಫೆವಿಕಾಲ್ ಹಾಕಿ ಮೆಟ್ಟಿಲಿನಂತೆ ಪೇರಿಸಿದರು. ತಿನ್ನರ್ ಬೆರೆತ ಅಂಟು ತಾಗಿದರೆ ಫೋಮ್ ಕರಗಿ ಗುಳಿ ಬೀಳುತ್ತದೆ, ಅದಕ್ಕೇ ನೀರಿನ ಅಂಟು. ಹೊಟ್ಟೆಯನ್ನು ಟೊಳ್ಳು ಮಾಡಿ ಸುರಂಗಕ್ಕೆ ಜಾಗ ಬಿಟ್ಟರು. ಹ್ಯಾಕ್ಸಾ ಬ್ಲೇಡಿನಿಂದ ಇಳಿಜಾರು ಕೆತ್ತಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ಮೇಲೆ ಹೊದಿಸಿದರು. ಬಂಡೆ ಕಾಣುವಲ್ಲಿ ಮಾತ್ರ ತೆಳ್ಳಗೆ ಪ್ಲಾಸ್ಟರ್. ಮಣ್ಣಿನ ಬಣ್ಣ ಹಸಿ ಇರುವಾಗಲೇ ಸೋಸಿದ ಕೆಮ್ಮಣ್ಣು, ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಉದುರಿಸಿದರು.

ನಿಜವಾದ ಜಾಣ್ಮೆ ಇರುವುದು ಗುಡ್ಡ ಮೇಜಿಗೆ ಕೂರುವ ಅಂಚಿನಲ್ಲಿ. ಮೇಜಿನ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಹಾಸಿ, ಗುಡ್ಡದ ಅಂಚಿಗೆ ಮೆತ್ತಗಿನ ಪ್ಲಾಸ್ಟರ್ ಮೆತ್ತಿ, ಹಾಗೇ ಒತ್ತಿ ಕೂರಿಸುತ್ತಾರೆ. ಒಣಗಿದ ಮೇಲೆ ಅಂಚು ನೆಲದ ಏರುತಗ್ಗುಗಳಿಗೆ ಅಚ್ಚು ಹೊಯ್ದಂತೆ ಹೊಂದುತ್ತದೆ; ನಡುವೆ ಫಿಲ್ಮ್ ಇರುವುದರಿಂದ ಅಂಟುವುದಿಲ್ಲ. ಉಳಿಯುವ ಕೂದಲೆಳೆಯ ಗೆರೆಯನ್ನು ಹಳಿಬದಿಯ ಕಲ್ಲುಗೋಡೆಯ ಬುಡದಲ್ಲೋ ಚರಂಡಿಯ ಅಂಚಿನಲ್ಲೋ ಬರುವಂತೆ ಮೊದಲೇ ಯೋಚಿಸಿರಬೇಕು. ಉಳಿದ ಕಡೆ ಅಂಟಿಸದ ಕಲ್ಲುಹೂವಿನ ಪೊದೆಗಳನ್ನು ಸುಮ್ಮನೆ ಇಟ್ಟರೆ ಸಾಕು. ಹತ್ತಿರದಿಂದ ದಿಟ್ಟಿಸಿದರೂ ಗುಡ್ಡ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ತಿಳಿಯದು. ಹೀಗೆ ಗುಡಾರ, ಮರೆ, ನೋಟ ಎಂಬ ಮೂರೂ ಅರ್ಥಗಳು ಒಂದೇ ಗುಡ್ಡದಲ್ಲಿ ಬಂದು ಸೇರಿವೆ: ಎತ್ತಲು ಬರುತ್ತದೆ, ಒಳಗಿನದನ್ನು ಮುಚ್ಚುತ್ತದೆ, ಹೊರಗಿನವರ ಕಣ್ಣು ತುಂಬುತ್ತದೆ.

ಈ ಪದ ಕನ್ನಡದ ಬಾಯಿಗೆ ಬಿದ್ದದ್ದೂ ನಾಟಕದ ದಾರಿಯಲ್ಲೇ. ನಮ್ಮ ಯಕ್ಷಗಾನ, ಬಯಲಾಟಗಳಿಗೆ ಸೀನರಿ ಬೇಕಿರಲಿಲ್ಲ. ‘ಇದು ಕಾಡು’ ಎಂದು ಪಾತ್ರ ಹೇಳಿದರೆ ಕಾಡಾಯಿತು. ಬಣ್ಣದ ಪರದೆಗಳ ಬೆರಗನ್ನು ತೋರಿಸಿದ್ದು ಊರೂರು ತಿರುಗುತ್ತಿದ್ದ ಪಾರ್ಸಿ ನಾಟಕ ಕಂಪನಿಗಳು. ಅದನ್ನು ನಮ್ಮ ಕಂಪನಿಗಳು ಮನಸಾರೆ ಒಪ್ಪಿಕೊಂಡವು. ದರ್ಬಾರ್ ಸೀನು, ಕಾಡು ಸೀನು, ಬೀದಿ ಸೀನು ಎಂಬ ಮಾತುಗಳು ಮನೆಮಾತಾದವು. ಕನ್ನಡದಲ್ಲಿ ‘ಸೀನು’ ಎಂಬ ಅಚ್ಚ ಕ್ರಿಯಾಪದ ಮೂಗಿಗೆ ಸಂಬಂಧಿಸಿದ್ದಾಗಿ ಮೊದಲೇ ಇತ್ತು. ಹೊಸ ನಾಮಪದ ಬಂದು ಪಕ್ಕದಲ್ಲಿ ಕೂತರೂ ಯಾರಿಗೂ ಗೊಂದಲವಾಗಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗವೈಭವಕ್ಕೆ ಹೆಸರಾಯಿತು. 1934ರ ಅವರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಆ ವೈಭವವೆಲ್ಲ ಸುತ್ತಿ ಕಟ್ಟಿ ಮುಂದಿನ ಕ್ಯಾಂಪಿಗೆ ಸಾಗಿಸುವಂಥದ್ದು. ಕಂಪನಿಯವರು ‘ಕ್ಯಾಂಪ್’ ಎನ್ನುವಾಗ ಸ್ಕೇನೆಯ ಮೂಲಾರ್ಥವನ್ನೇ ಇನ್ನೊಂದು ಪದದಲ್ಲಿ ನುಡಿಯುತ್ತಿದ್ದರು.

ಇಂದಿಗೂ ತುಮಕೂರು, ಮಂಡ್ಯದ ಹಳ್ಳಿಗಳ ಪೌರಾಣಿಕ ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರಿನ ಕೆಳಗೆ ಸೀನರಿಯವರ ಹೆಸರಿರುತ್ತದೆ. ‘ಡ್ರಾಮಾ ಸೀನರಿ’ ಬಾಡಿಗೆಗೆ ಕೊಡುವುದೇ ಒಂದು ಕಸುಬು. ಮಧ್ಯಾಹ್ನ ಲಾರಿ ಬಂದು ನಿಲ್ಲುತ್ತದೆ; ಸಂಜೆಗೆ ಹೊಲದ ಬದಿಯಲ್ಲಿ ಹಸ್ತಿನಾವತಿ ಎದ್ದಿರುತ್ತದೆ; ಬೆಳಗ್ಗೆ ನೋಡಿದರೆ ಗೂಟ ಕಿತ್ತ ಕುಳಿಗಳು ಮಾತ್ರ. ಇತ್ತ ಪೇಟೆಯ ಹುಡುಗರು ‘ಅಷ್ಟೆಲ್ಲ ಸೀನ್ ಇಲ್ಲ’ ಎನ್ನುತ್ತಾರೆ. ಶಾಲೆಯ ಮಕ್ಕಳು ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ಬದಿಗೆ ಮನೆ, ತೆಂಗಿನಮರ ಬರೆದು ‘ಸೀನರಿ’ ಎಂದು ತೋರಿಸುತ್ತಾರೆ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಎರಡು ಗುಡ್ಡ ಬರೆಯುತ್ತದೆ. ನಾಟಕದ ಪರದೆಯಂತೆ ಅದೂ ಹೊತ್ತು ತಂದ ಗುಡ್ಡವೇ.

ನಿಘಂಟು ತೆರೆದರೆ ‘ಪ್ರಕೃತಿ ದೃಶ್ಯ’ ಎಂಬ ಅರ್ಥ ಸಿಗಬಹುದು. ಅದು ತಪ್ಪಲ್ಲ. ಆದರೆ ಈ ಪದವನ್ನು ಪೂರ್ತಿಯಾಗಿ ಬಲ್ಲವರು ಅದನ್ನು ಕೈಯಲ್ಲಿ ಹಿಡಿದವರು: ಲಾರಿಯಿಂದ ಪರದೆಯ ಸುರುಳಿ ಇಳಿಸುವವರು, ಗುಡ್ಡದ ಅಂಚಿಗೆ ಕ್ಲಿಂಗ್ ಫಿಲ್ಮ್ ಹಾಸುವವರು.

ಅಂದು ಡಬ್ಬಿ ಸರಿಪಡಿಸಿ, ಹಳಿ ಒರೆಸಿದ ಮೇಲೆ ನಾವಿಬ್ಬರೂ ಗುಡ್ಡವನ್ನು ಮತ್ತೆ ಇಳಿಸಿದೆವು. ಗೆಳೆಯರು ಉದುರಿದ ಒಂದು ಪೊದೆಯನ್ನು ಬೆರಳ ತುದಿಯಲ್ಲಿ ಎತ್ತಿ ಗೆರೆಯ ಮೇಲಿಟ್ಟರು. ಗುಂಡಿ ತಿರುಗಿಸಿದರು. ಗೂಡ್ಸ್ ಗಾಡಿ ಸುರಂಗದೊಳಕ್ಕೆ ಹೋಯಿತು. ಒಳಗೆ ಬರೀ ಟೊಳ್ಳು ಫೋಮ್ ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದರೂ, ಅದು ಆ ಬದಿಯಿಂದ ಹೊರಬರುವವರೆಗೆ ನಾನು ಘಟ್ಟವನ್ನೇ ನೋಡುತ್ತಾ ನಿಂತಿದ್ದೆ.