ಅಮ್ಮನ ಶಾಲೆ ಹೆಗ್ಗೋಡಿನದ್ದು, ಮಗಳ ಫೀಸು ಟೆಕ್ಸಾಸಿನದ್ದು

ಹೆಗ್ಗೋಡಿನ ಸುತ್ತಮುತ್ತಲ ಅಡಿಕೆ ತೋಟದ ಮನೆಗಳಲ್ಲಿ ಮೊದಲು ಕೊಳೆರೋಗದ ಮಾತು, ಆಮೇಲೆ ವೀಸಾದ ಮಾತು. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಎರಡೂ ಗೊತ್ತಿರುತ್ತೆ ಅನ್ನೋದು ನೆಂಟರ ನಂಬಿಕೆ. ಕಳೆದ ಸಲ ಹೋದಾಗ ದೊಡ್ಡಮ್ಮ ಕವಳದ ಹರಿವಾಣ ಮುಂದಿಟ್ಟು ಕೇಳಿದರು: “ತಮಾ, ಕೂಸು ಅಲ್ಲೇ ಓದವಾ, ಇಲ್ಲಿಗೆ ಬರವಾ?”

ಕೂಸು ಅಂದರೆ ಅವರ ಮೊಮ್ಮಗಳು. ಈಗ 16 ವರ್ಷ. ಚಿಕ್ಕವಳಿದ್ದಾಗಲೇ ಟೆಕ್ಸಾಸಿಗೆ ಹೋದವಳು. ಅಪ್ಪನದ್ದು ಎಚ್-1ಬಿ ವೀಸಾ, ಅಮ್ಮ ಮತ್ತು ಮಗಳದ್ದು ಅದಕ್ಕೆ ಜೋತುಬಿದ್ದ ಎಚ್-4.

ಗೊಂದಲ ಶುರುವಾಗೋದು ‘ನಿವಾಸಿ’ ಅನ್ನೋ ಪದದಿಂದ. ವಲಸೆ ಇಲಾಖೆ ಒಂದು ಅರ್ಥ ಹೇಳಿದರೆ ವಿಶ್ವವಿದ್ಯಾಲಯ ಇನ್ನೊಂದು ಹೇಳುತ್ತೆ. ವಲಸೆ ಇಲಾಖೆಗೆ ಎಚ್-4ನವರು ತಾತ್ಕಾಲಿಕವಾಗಿ ಬಂದವರು. ಆದರೆ ಸರ್ಕಾರಿ ವಿಶ್ವವಿದ್ಯಾಲಯದ ಫೀಸಿಗೆ ಆ ರಾಜ್ಯದ ಕಾನೂನೇ ಲೆಕ್ಕ. ಸಾಮಾನ್ಯವಾಗಿ 12 ತಿಂಗಳು ಅಲ್ಲೇ ನೆಲೆಸಿದ್ದು, ಅಲ್ಲೇ ಉಳಿಯುವ ಉದ್ದೇಶಕ್ಕೆ ದಾಖಲೆ ಕೊಟ್ಟರೆ ಸ್ಥಳೀಯರ ಫೀಸು ಸಿಗುತ್ತೆ. ಹೊರಗಿನವರಿಗೆ ಅದರ ಎರಡು ಮೂರು ಪಟ್ಟು ಬೀಳುವುದು ಮಾಮೂಲು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಎಚ್-4 ಇದ್ದವರೂ ಸ್ಥಳೀಯರಾಗಬಹುದು. ವಿದ್ಯಾರ್ಥಿ ವೀಸಾ, ಅಂದರೆ ಎಫ್-1 ಇದ್ದವರಿಗೆ ಸಾಮಾನ್ಯವಾಗಿ ಆ ದಾರಿ ಇಲ್ಲ.

ಮದುವೆಯಾಗಿ ಹೋಗುವ ನಮ್ಮ ಕಡೆ ಹುಡುಗಿಯರು ಎಡವೋದು ಇಲ್ಲೇ. ಎಚ್-4ನಲ್ಲಿ ಓದಲು ಅಡ್ಡಿ ಇಲ್ಲ, ಓದಬೇಕು ಅಂತ ಎಫ್-1ಗೆ ಬದಲಾಯಿಸಿಕೊಳ್ಳುವ ಅಗತ್ಯವೂ ಇಲ್ಲ. ಕೆಲಸ ಬೇರೆ ವಿಷಯ. 2015ರಿಂದ, ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಮಾತ್ರ ಹೆಂಡತಿಗೆ ಅನುಮತಿ. ಗಂಡನೇ ಎಫ್-1 ವಿದ್ಯಾರ್ಥಿಯಾಗಿದ್ದರೆ ಹೆಂಡತಿಗೆ ಎಫ್-2. ಅದರಲ್ಲಿ ಪೂರ್ಣಾವಧಿ ಡಿಗ್ರಿ ಓದುವಂತಿಲ್ಲ. ಗಂಡ ಅಮೆರಿಕದ ಪ್ರಜೆಯಾಗಿದ್ದು, ವಲಸೆ ವೀಸಾದಲ್ಲಿ ಹೋದರೆ ಕಾಲಿಟ್ಟ ದಿನದಿಂದಲೇ ಕಾಯಂ ನಿವಾಸಿ. ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡು. ಹಾಗಿದ್ದೂ 12 ತಿಂಗಳ ಲೆಕ್ಕ ತಪ್ಪಲ್ಲ.

ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿದೆ. ವಿಶ್ವಬ್ಯಾಂಕಿನಂಥ ಸಂಸ್ಥೆಗಳ ನೌಕರರ ಮಕ್ಕಳಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸ್ಥಳೀಯ ಫೀಸು ನಿರಾಕರಿಸಿತ್ತು. 1982ರಲ್ಲಿ ಟೋಲ್ ವಿರುದ್ಧ ಮೊರೆನೊ ಪ್ರಕರಣದಲ್ಲಿ ಕೋರ್ಟು ಆ ನೀತಿ ಊರ್ಜಿತವಲ್ಲ ಎಂದಿತು. ನಮ್ಮಲ್ಲಿ ಇಂಥ ಪ್ರಶ್ನೆ ಅದಕ್ಕಿಂತ ಬಹಳ ಮೊದಲೇ ಎದ್ದಿತ್ತು. ಇಂದೋರಿನ ವೈದ್ಯಕೀಯ ಕಾಲೇಜು ಹೊರಗಿನವರಿಂದ ಮಾತ್ರ ಕ್ಯಾಪಿಟೇಶನ್ ಶುಲ್ಕ ಪಡೆದದ್ದನ್ನು 1955ರ ಡಿ.ಪಿ. ಜೋಶಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂವಿಧಾನ ತಡೆಯುವುದು ಹುಟ್ಟಿದ ಜಾಗದ ಮೇಲಿನ ತಾರತಮ್ಯವನ್ನು, ವಾಸದ ಜಾಗ ಬೇರೆ ಅನ್ನೋದು ವಾದ.

ಕೂಸಿನ ನಿಜವಾದ ತೊಡಕು 21ನೇ ಹುಟ್ಟುಹಬ್ಬ. ಅವತ್ತಿಗೆ ಎಚ್-4 ಮುಗಿಯುತ್ತೆ. ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕ ಮೀರಿದ್ದು, ಅಷ್ಟರಲ್ಲಿ ಅಪ್ಪನಿಗೆ ಸಿಗೋದು ಕಷ್ಟ. ಡಿಗ್ರಿಯ ನಡುವೆಯೇ ಎಫ್-1ಗೆ ಬದಲಾಗಬೇಕು. ಫೀಸಿನ ವರ್ಗವೂ ಬದಲಾಗಬಹುದು. ಹಾಗಾಗಿ ಸೇರುವ ಮೊದಲೇ ಆ ವಿಶ್ವವಿದ್ಯಾಲಯದಿಂದ ಇದಕ್ಕೆ ಲಿಖಿತ ಉತ್ತರ ಪಡೆಯೋದು ಒಳ್ಳೆಯದು. ಇಡೀ ಬಾಲ್ಯ ಕಳೆದ ಊರಲ್ಲಿ ಒಬ್ಬಳನ್ನು ಹೊಸ ವಿದೇಶಿ ವಿದ್ಯಾರ್ಥಿನಿ ಮಾಡೋದು ನನ್ನ ಪ್ರಕಾರ ಶುದ್ಧ ಅವಿವೇಕ.

ಇಲ್ಲಿಗೆ ಬಂದರೆ? ಸಿಇಟಿ ಸೀಟಿಗೆ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಕೂಸಿಗೆ ಅದಿಲ್ಲ. ಆದರೆ ಇನ್ನೊಂದು ಬಾಗಿಲಿದೆ: ಅಪ್ಪ ಅಥವಾ ಅಮ್ಮ ಇಲ್ಲಿ ಏಳು ವರ್ಷ ಓದಿದ್ದು, ಮಗು ಎರಡೂ ಪಿಯು ವರ್ಷ ಇಲ್ಲೇ ಓದಿ ಪಾಸಾದರೆ ಅರ್ಹತೆ ಬರುತ್ತೆ. ಪುರಾವೆ ಅಮ್ಮನ ವ್ಯಾಸಂಗ ಪ್ರಮಾಣಪತ್ರ, ಬಿಇಒ ಮೇಲುಸಹಿಯೊಂದಿಗೆ.

ಅವಳ ತಮ್ಮ ಅಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ, ಕೈಲಿ ಒಸಿಐ ಕಾರ್ಡು. ಕೇಂದ್ರದ 2021ರ ಮಾರ್ಚ್ 4ರ ಅಧಿಸೂಚನೆ ಒಸಿಐ ಮಕ್ಕಳನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತಗೊಳಿಸಿತು. ಅದಕ್ಕೂ ಮೊದಲು ಕಾರ್ಡು ಪಡೆದವರಿಗೆ ಇದು ಅನ್ವಯಿಸದು ಎಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವನ ಕಾರ್ಡಿನ ದಿನಾಂಕ ನೋಡಿದೆವು: 2022.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮಗಳು ಓದಿದ ಶಾಲೆಯ ಹಳೇ ದಾಖಲೆ ಪುಸ್ತಕ ಗೆದ್ದಲು ಹಿಡಿಯದೆ ಇದ್ಯಾ ಅಂತ ಸೋಮವಾರ ಹೋಗಿ ಕೇಳ್ತೇನೆ ಅಂದರು. ಬರುವುದಾದರೆ ಈ ಜೂನಿನಲ್ಲೇ ಪ್ರಥಮ ಪಿಯುಗೆ ಸೇರಬೇಕು.