ಅಮ್ಗುನ್ ನದಿಯ ಭಾಷೆ ಮತ್ತು ಅದರ ದಾಯಾದಿಗಳು



ಹೊರನಾಡಿನ ಸಮ್ಮೇಳನದಲ್ಲಿ ಭಾಷೆಯ ಬಗ್ಗೆ ಮಾತನಾಡಲು ನಿಂತವರು ಹಲ್ಮಿಡಿ ಶಾಸನದಿಂದ ಹೊರಟು, ಕವಿರಾಜಮಾರ್ಗವನ್ನು ದಾಟಿ, ಎಂಟು ಜ್ಞಾನಪೀಠಗಳ ಹತ್ತಿರ ಬಂದು ನಿಲ್ಲುವುದು ವಾಡಿಕೆ. ಆ ದಾರಿ ನಿಮಗೆಲ್ಲ ಚೆನ್ನಾಗಿ ಗೊತ್ತು. ಹಾಗಾಗಿ ಇವತ್ತು ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ: ರಷ್ಯಾದ ಪೂರ್ವದ ತುದಿಗೆ, ಅಮೂರ್ ನದಿಯ ಕೆಳದಂಡೆಗೆ. ಅಲ್ಲಿ ನೆಗಿಡಾಲ್ ಎಂಬ ಭಾಷೆಯೊಂದು ಕೊನೆಯ ದಿನಗಳನ್ನು ಎಣಿಸುತ್ತಿದೆ. ಅದರ ಕಥೆಯನ್ನೂ ಅದರ ದಾಯಾದಿ ಭಾಷೆಗಳ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಒಂದು ಭಾಷೆ ಯಾವುದರಿಂದ ಉಳಿಯುತ್ತದೆ ಎಂಬ ಪ್ರಶ್ನೆಗೆ ನಾವು ಕೊಡುವ ರೂಢಿಯ ಉತ್ತರ ಸಾಲದು ಎಂದು ನನಗೆ ಅನ್ನಿಸಿದೆ.

ಅಮ್ಗುನ್ ಅಮೂರಿನ ಒಂದು ಉಪನದಿ. ಖಬಾರೊವ್ಸ್ಕ್ ಪ್ರಾಂತ್ಯದ ಕಾಡುಗಳ ನಡುವೆ 700 ಕಿ.ಮೀ.ಗೂ ಹೆಚ್ಚು ಹರಿದು ಅಮೂರನ್ನು ಸೇರುತ್ತದೆ. ಅದರ ದಂಡೆಯಲ್ಲಿ ಮೀನು ಹಿಡಿದು, ಬೇಟೆಯಾಡಿ ಬದುಕಿದವರು ನೆಗಿಡಾಲರು. 2010ರ ಜನಗಣತಿಯಲ್ಲಿ ತಮ್ಮನ್ನು ನೆಗಿಡಾಲರೆಂದು ಬರೆಸಿಕೊಂಡವರು 513 ಜನ. ನಮ್ಮೂರಿನ ಒಂದು ಮದುವೆಗೆ ಸೇರುವ ನೆಂಟರಿಗಿಂತಲೂ ಕಡಿಮೆ!

ಅವರ ಭಾಷೆ ತುಂಗೂಸಿಕ್ ಕುಟುಂಬದ್ದು. ಸೈಬೀರಿಯಾದ ಉದ್ದಗಲಕ್ಕೂ ಹರಡಿರುವ ಎವೆಂಕಿ ಅದರ ತೀರಾ ಹತ್ತಿರದ ಒಡಹುಟ್ಟು. ಅಮೂರ್ ದಂಡೆಯ ನಾನಾಯ್ ಮತ್ತು ಉಲ್ಚಾ, ಚೀನಾದ ಮಂಚು ಮತ್ತು ಸಿಬೆ ಇವೆಲ್ಲ ಅದೇ ಮನೆತನದವು. ನಮ್ಮ ಮೂರು, ತುಳುವಿನ ಮೂಜಿ, ತೆಲುಗಿನ ಮೂಡು ನೆಂಟರಾಗಿರುವಂತೆ, ಅಲ್ಲಿ ಮೂರಕ್ಕೆ ಎವೆಂಕಿಯಲ್ಲೂ ನಾನಾಯ್‌ನಲ್ಲೂ ಮಂಚುವಿನಲ್ಲೂ ‘ಇಲಾನ್’ ಎನ್ನುತ್ತಾರೆ. ನೀರಿಗೆ ಎವೆಂಕಿಯಲ್ಲಿ ‘ಮು’, ಮಂಚುವಿನಲ್ಲಿ ‘ಮುಕೆ’. ಜಗತ್ತೆಲ್ಲ ಬಳಸುವ ‘ಶಾಮನ್’ ಎಂಬ ಪದವೂ ಈ ಕುಟುಂಬದಿಂದಲೇ ರಷ್ಯನ್ ಮೂಲಕ ಯುರೋಪಿಗೆ ಹೋದದ್ದು.

ಶಾಸನವೆಂದರೆ ನಮಗೆ ಅಭಿಮಾನ. ಈ ಕುಟುಂಬಕ್ಕೂ ಶಾಸನಗಳಿವೆ. ಅಮ್ಗುನ್ ನದಿ ಅಮೂರನ್ನು ಸೇರುವ ಜಾಗದ ಹತ್ತಿರ ತೀರ್ ಎಂಬ ಊರಿದೆ. 1413ರಲ್ಲಿ ಚೀನಾದ ಮಿಂಗ್ ಚಕ್ರವರ್ತಿಯ ದಳಪತಿ ಯಿಷಿಹಾ ಅಲ್ಲಿನ ಬಂಡೆಯ ಮೇಲೆ ಒಂದು ಬೌದ್ಧ ದೇವಾಲಯ ಕಟ್ಟಿಸಿ, ಕಲ್ಲು ನಿಲ್ಲಿಸಿದ. ಅದರಲ್ಲಿ ಚೀನೀ, ಮಂಗೋಲ್ ಮತ್ತು ಜುರ್ಚೆನ್ ಭಾಷೆಗಳ ಬರಹವಿದೆ. ಜುರ್ಚೆನ್ ತುಂಗೂಸಿಕ್ ಭಾಷೆ. ಯಿಷಿಹಾ ಕೂಡ ಹುಟ್ಟಿನಿಂದ ಜುರ್ಚೆನ್. ಇದೇ ಜನ 1115ರಿಂದ 1234ರವರೆಗೆ ಜಿನ್ ಎಂಬ ಹೆಸರಿನಲ್ಲಿ ಉತ್ತರ ಚೀನಾವನ್ನು ಆಳಿ, ತಮ್ಮದೇ ಲಿಪಿಯನ್ನೂ ಮಾಡಿಕೊಂಡಿದ್ದರು. 20 ವರ್ಷಗಳ ನಂತರ, 1433ರಲ್ಲಿ, ಅಲ್ಲೇ ಎರಡನೆಯ ಕಲ್ಲು ನಿಂತಿತು. ಅದರಲ್ಲಿರುವುದು ಚೀನೀ ಒಂದೇ. ಮೊದಲ ಕಲ್ಲು ಈಗ ವ್ಲಾದಿವೊಸ್ತೋಕ್‌ನ ವಸ್ತುಸಂಗ್ರಹಾಲಯದಲ್ಲಿದೆ. ಜುರ್ಚೆನ್ ಲಿಪಿಯನ್ನು ಇವತ್ತು ಓದಬಲ್ಲವರು ಕೆಲವೇ ವಿದ್ವಾಂಸರು.

ಲಿಪಿಯ ಜೊತೆ ಸಿಂಹಾಸನವೂ ಇದ್ದರೆ? ಅದಕ್ಕೆ ಉತ್ತರ ಮಂಚು. ಜುರ್ಚೆನ್ನರ ವಾರಸುದಾರರಾದ ಈ ಜನರ ನಾಯಕ ನುರ್ಹಾಚಿ 1599ರಲ್ಲಿ ಮಂಗೋಲ್ ಅಕ್ಷರಗಳನ್ನು ಹೊಂದಿಸಿ ತಮ್ಮ ಭಾಷೆಗೆ ಲಿಪಿ ಮಾಡಿಸಿದ. 1632ರಲ್ಲಿ ದಾಹಾಯ್ ಎಂಬ ಪಂಡಿತ ಚುಕ್ಕೆ, ವೃತ್ತಗಳನ್ನು ಸೇರಿಸಿ ಅದನ್ನು ತಿದ್ದಿದ. 1644ರಲ್ಲಿ ಮಂಚುಗಳು ಬೀಜಿಂಗ್ ಹಿಡಿದು, ಮುಂದೆ 1912ರವರೆಗೆ ಚಿಂಗ್ ವಂಶವಾಗಿ ಆಳಿದರು. 1689ರಲ್ಲಿ ರಷ್ಯಾದ ಜೊತೆಗಿನ ನೆರ್ಚಿನ್ಸ್ಕ್ ಒಪ್ಪಂದವನ್ನು ಲ್ಯಾಟಿನ್, ರಷ್ಯನ್, ಮಂಚು ಭಾಷೆಗಳಲ್ಲಿ ಬರೆದರು. ಸಾಮ್ರಾಜ್ಯದ ಕಡತಗಳು ರಾಶಿರಾಶಿಯಾಗಿ ಮಂಚುವಿನಲ್ಲಿ ಬಿದ್ದಿವೆ. ಆದರೆ ದೊರೆಗಳ ಮಕ್ಕಳು ಚೀನೀ ಮಾತಾಡುವ ನಗರಗಳಲ್ಲಿ ಬೆಳೆದರು. ಮಂಚು ಮರೆತ ಅಧಿಕಾರಿಗಳನ್ನು ಚಿಯಾನ್‌ಲಾಂಗ್ ಚಕ್ರವರ್ತಿ ಮತ್ತೆ ಮತ್ತೆ ಗದರಿಸಿದ. ಗದರಿಕೆ ಫಲ ಕೊಡಲಿಲ್ಲ. ಕೊನೆಯ ಚಕ್ರವರ್ತಿ ಪು ಯಿ, ತನಗೆ ಮಂಚುವಿನಲ್ಲಿ ‘ಏಳು’ ಎನ್ನುವ ಒಂದೇ ಮಾತು ಬರುತ್ತಿತ್ತೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮುಂದೆ ಮಂಡಿಯೂರಿದವರಿಗೆ ಹೇಳಬೇಕಾಗಿದ್ದ ಮಾತು ಅದು. ಇವತ್ತು ಚೀನಾದಲ್ಲಿ ಒಂದು ಕೋಟಿಗೂ ಹೆಚ್ಚು ಮಂಚುಗಳಿದ್ದಾರೆ. ಆ ಭಾಷೆಯನ್ನು ಮನೆಮಾತಾಗಿ ಕಲಿತು ಉಳಿದವರು ಬೆರಳೆಣಿಕೆಯ ವೃದ್ಧರು.

ನೆಗಿಡಾಲರಿಗೆ ಇದ್ಯಾವುದೂ ಇರಲಿಲ್ಲ. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಎವೆಂಕಿ, ನಾನಾಯ್ ಮುಂತಾದ ಭಾಷೆಗಳಿಗೆ ಮೊದಲು ಲ್ಯಾಟಿನ್, ಆಮೇಲೆ ರಷ್ಯನ್ ಅಕ್ಷರ ಹೊಂದಿಸಿ ಪಠ್ಯಪುಸ್ತಕ ಅಚ್ಚು ಹಾಕಿಸಿತು. ನೆಗಿಡಾಲರ ಪಾಲಿಗೆ ಆಗ ಲಿಪಿಯೂ ಬರಲಿಲ್ಲ, ಪುಸ್ತಕವೂ ಬರಲಿಲ್ಲ. ಮುಂದೆ ಸಣ್ಣ ಊರುಗಳನ್ನು ಮುಚ್ಚಿ ಜನರನ್ನು ದೊಡ್ಡ ಊರುಗಳಿಗೆ ಸೇರಿಸಿದರು. ಮಕ್ಕಳು ವಸತಿಶಾಲೆಗಳಿಗೆ ಹೋದರು. ಶಾಲೆಯ ಭಾಷೆ ರಷ್ಯನ್, ಕೆಲಸದ ಭಾಷೆ ರಷ್ಯನ್, ನೆರೆಮನೆಯವರ ಜೊತೆ ಆಡುವುದೂ ರಷ್ಯನ್. ಒಂದು ತಲೆಮಾರು ಭಾಷೆಯನ್ನು ಕೇಳಿ ಬೆಳೆಯಿತು, ಆಡಲಿಲ್ಲ. ಅದರ ಮುಂದಿನ ತಲೆಮಾರಿಗೆ ಕೇಳುವ ಅವಕಾಶವೂ ಸಿಗಲಿಲ್ಲ.

ವಿದ್ವಾಂಸರು ಸುಮ್ಮನಿರಲಿಲ್ಲ. ವೇರಾ ತ್ಸಿಂತ್ಸಿಯುಸ್ 1982ರಲ್ಲಿ ಈ ಭಾಷೆಯ ಬಗ್ಗೆ ಪೂರ್ಣ ಗ್ರಂಥವನ್ನೇ ಪ್ರಕಟಿಸಿದರು. ಖಸಾನೊವಾ ಮತ್ತು ಪೆವ್ನೊವ್ ಸಂಗ್ರಹಿಸಿದ ನೆಗಿಡಾಲ್ ಪುರಾಣ ಮತ್ತು ಕಥೆಗಳು 2003ರಲ್ಲಿ ಜಪಾನಿನಲ್ಲಿ ಅಚ್ಚಾದವು. ಬ್ರಿಗಿಟೆ ಪಾಕೆನ್‌ಡಾರ್ಫ್ ಮತ್ತು ನತಾಲಿಯಾ ಅರಾಲೊವಾ ಇತ್ತೀಚೆಗೆ ಊರೂರಿಗೆ ಹೋಗಿ ಧ್ವನಿ ದಾಖಲಿಸಿದಾಗ, ಜನಗಣತಿ ಹೇಳುವುದಕ್ಕಿಂತ ಪರಿಸ್ಥಿತಿ ಕೆಟ್ಟಿರುವುದು ಕಂಡಿತು. ನದಿಯ ಕೆಳಭಾಗದ ಉಪಭಾಷೆ ಆಗಲೇ ಹೋಗಿತ್ತು. ಮೇಲ್ಭಾಗದ್ದನ್ನು ಆಡಬಲ್ಲವರು ಕೆಲವೇ ಹಿರಿಯರು, ಮುಖ್ಯವಾಗಿ ವ್ಲಾದಿಮಿರೊವ್ಕಾ ಎಂಬ ಹಳ್ಳಿಯಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಸೂತಕದ ಕಥೆಯಾಗುತ್ತದೆ. ಆದರೆ ಇದೇ ಕುಟುಂಬದಲ್ಲಿ ಸಿಬೆ ಜನರಿದ್ದಾರೆ, ಅವರ ಕಥೆ ನಮ್ಮಂಥ ಪರವೂರಿನವರಿಗಾಗಿಯೇ ಇದ್ದಂತಿದೆ. 1764ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಸುಮಾರು 1,000 ಸಿಬೆ ಸೈನಿಕರನ್ನು ಹೆಂಡತಿ ಮಕ್ಕಳ ಸಮೇತ ಈಗಿನ ಶೆನ್ಯಾಂಗ್‌ನಿಂದ ಪಶ್ಚಿಮದ ಗಡಿ ಕಾಯಲು ಕಳಿಸಿದ. ಮಂಗೋಲಿಯಾವನ್ನು ಹಾದು, ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, ಅವರು ಶಿಂಜಿಯಾಂಗಿನ ಇಲಿ ನದಿಯ ದಂಡೆ ಸೇರಿದರು. ಅಲ್ಲಿ ಎಂಟು ತುಕಡಿಗಳಾಗಿ ಊರು ಕಟ್ಟಿಕೊಂಡು, ಕಾಲುವೆ ತೋಡಿ, ಬೇಸಾಯ ಹೂಡಿದರು. ಹೊರಟ ದಿನವನ್ನು ಈಗಲೂ ಪ್ರತಿವರ್ಷ ನಾಲ್ಕನೆಯ ಚಾಂದ್ರಮಾಸದ 18ನೆಯ ದಿನ ಹಬ್ಬವಾಗಿ ಆಚರಿಸುತ್ತಾರೆ. ಮಂಚುವಿಗೆ ತೀರಾ ಹತ್ತಿರದ ಅವರ ಭಾಷೆ ಅಲ್ಲಿನ ಚಾಪ್ಚಾಲ್ ಪ್ರದೇಶದಲ್ಲಿ ಇಂದಿಗೂ ಮನೆಮಾತು. ಮಂಚು ಲಿಪಿಯಿಂದ ಬಂದ ಅಕ್ಷರದಲ್ಲಿ 1946ರಿಂದ ಪತ್ರಿಕೆಯೂ ಬಂದಿದೆ. ಬೀಜಿಂಗಿನ ಮಂಚು ಕಡತಗಳನ್ನು ಓದಲು ಸಿಬೆ ಜನರ ನೆರವನ್ನೇ ಪಡೆಯಬೇಕಾಯಿತು. ಇತ್ತ ಊರು ಬಿಡದೆ ಈಶಾನ್ಯ ಚೀನಾದಲ್ಲೇ ಉಳಿದ ಸಿಬೆಗಳು ಸಂಖ್ಯೆಯಲ್ಲಿ ಹೆಚ್ಚು. ಅವರು ಚೀನೀ ಮಾತಾಡುತ್ತಾರೆ.

ತವರಿನಲ್ಲಿ ಕಳೆದದ್ದು ವಲಸೆ ಹೋದವರಲ್ಲಿ ಉಳಿಯಿತು. ಇದನ್ನು ಕೇಳಿ ನಾವು ಬೇಗ ಚಪ್ಪಾಳೆ ತಟ್ಟಬಾರದು. ಸಿಬೆಗಳು ಊರಿಗೆ ಊರೇ ಎದ್ದು ಹೋದವರು. ಅವರ ಮಕ್ಕಳಿಗೆ ಬೀದಿಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಸಿಬೆ ಭಾಷೆಯೇ ಬೇಕಾಗಿತ್ತು. ನಾವು ಒಬ್ಬೊಬ್ಬರಾಗಿ, ಕೆಲಸದ ಪತ್ರ ಹಿಡಿದು ಬಂದವರು. ನಮ್ಮ ಬೀದಿಯಲ್ಲಿ ಕನ್ನಡದ ಎರಡನೆಯ ಮನೆ ಸಿಕ್ಕರೆ ಪುಣ್ಯ. ಈಗ ಚಾಪ್ಚಾಲ್‌ನಲ್ಲೂ ಶಾಲೆ ಮತ್ತು ಉದ್ಯೋಗದ ಚೀನೀ ಎಳೆಯರ ಬಾಯಿಯಲ್ಲಿ ಬಲವಾಗುತ್ತಿದೆ.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು 4 ಕೋಟಿಗೂ ಹೆಚ್ಚು. ಕನ್ನಡಕ್ಕೆ ನೆಗಿಡಾಲಿನ ಗತಿ ಬರುತ್ತದೆಂದು ಹೆದರಿಸಲು ನಾನು ಬಂದಿಲ್ಲ. ಆದರೆ ಹೊರನಾಡಿನ ನಮ್ಮ ಒಂದೊಂದು ಮನೆಯೂ ಒಂದೊಂದು ಅಮ್ಗುನ್ ದಂಡೆ. ‘ನಮ್ಮ ಮಗಳಿಗೆ ಎಲ್ಲಾ ಅರ್ಥ ಆಗುತ್ತೆ, ಮಾತಾಡಲ್ಲ ಅಷ್ಟೆ’ ಎಂದು ನಾವು ಸಮಾಧಾನದಿಂದ ಹೇಳುತ್ತೇವಲ್ಲ, ನೆಗಿಡಾಲರ ಆ ಮಧ್ಯದ ತಲೆಮಾರು ನಿಂತಿದ್ದದ್ದು ಸರಿಯಾಗಿ ಅದೇ ಮೆಟ್ಟಿಲಿನಲ್ಲಿ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ನಮ್ಮ ಸಂಘಗಳು ಮಕ್ಕಳಿಗೆ ಅಕ್ಷರ ಕಲಿಸುತ್ತಿವೆ, ನಾಟಕದ ಮಾತು ಬಾಯಿಪಾಠ ಮಾಡಿಸುತ್ತಿವೆ; ಅದು ನಡೆಯಲಿ. ಅದರ ಜೊತೆಗೆ ನಾಲ್ಕಾರು ಮನೆಯ ಮಕ್ಕಳು ವಾರಕ್ಕೊಮ್ಮೆಯಾದರೂ ತಮ್ಮತಮ್ಮಲ್ಲೇ ಕನ್ನಡದಲ್ಲಿ ಆಟವಾಡುವಂತೆ, ಜಗಳವಾಡುವಂತೆ ಏರ್ಪಾಡು ಮಾಡೋಣ. ಈಗ ಊಟದ ವಿರಾಮ. ಕೈಯಲ್ಲಿ ತಟ್ಟೆ ಹಿಡಿದು ಮಕ್ಕಳ ಮೇಜಿನ ಹತ್ತಿರ ಒಂದು ನಿಮಿಷ ನಿಲ್ಲಿ. ಅವರು ಪರಸ್ಪರ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಕೇಳಿಸಿಕೊಳ್ಳಿ. ಮಧ್ಯಾಹ್ನದ ಗೋಷ್ಠಿಯನ್ನು ಅಲ್ಲಿಂದಲೇ ಶುರು ಮಾಡೋಣ.