ಬಚ್ಚಲೊಲೆಗೆ ಬಂದ ವಿಜ್ಞಾನ

ಮಲೆನಾಡಿನ ಮನೆಗಳಲ್ಲಿ ದೀಪಾವಳಿ ಶುರುವಾಗುವುದೇ ಬಚ್ಚಲಲ್ಲಿ. ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಾರೆ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಾರೆ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಾರೆ. ಮರುದಿನ ಅಭ್ಯಂಜನ.

ವರ್ಷದ ಉಳಿದ ದಿನಗಳಲ್ಲಿ ಈ ಹಂಡೆ ಬೇಡುವುದು ಸೌದೆಯನ್ನು. ಮಣ್ಣಿನ ಒಲೆಯಲ್ಲಿ ಹುದುಗಿಸಿದ ತಾಮ್ರದ ಹಂಡೆಯಡಿ ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಕಾಡಿನ ಕಟ್ಟಿಗೆ ಉರಿಯುತ್ತಿದ್ದವು. ಒಲೆಬಾಯಿ ಅಗಲ, ಸೌದೆಯಡಿ ಗಾಳಿಯಾಡದು. ಬಿಸಿಯ ದೊಡ್ಡ ಪಾಲು ಹೊಗೆಯ ಜೊತೆಗೇ ಹೊರಟುಹೋಗುತ್ತಿತ್ತು. ಆ ಹೊಗೆ ಕುಡಿದವರು ಹೆಂಗಸರು, ಸೌದೆಹೊರೆ ಹೊತ್ತವರೂ ಹೆಚ್ಚಾಗಿ ಅವರೇ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಒಲೆಯನ್ನೇ ಸಂಶೋಧನೆಗೆ ಎತ್ತಿಕೊಂಡಿತು. ಮೊದಲು ಅಡುಗೆಯ ಅಸ್ತ್ರ ಒಲೆ, ಆಮೇಲೆ ಸ್ನಾನದ ನೀರಿನ ಒಲೆ. ಗುಟ್ಟು ಸರಳ: ಸೌದೆಯಡಿ ಕಬ್ಬಿಣದ ಜಾಲರಿ ಇಟ್ಟರೆ ಬೂದಿ ಕೆಳಗುದುರಿ ಗಾಳಿ ಮೇಲೇರುತ್ತದೆ, ಬಿಸಿಗಾಳಿ ಹಂಡೆಯನ್ನು ಬಳಸಿಕೊಂಡೇ ಹೊಗೆಕೊಳವೆ ಸೇರುತ್ತದೆ. ಹಂಡೆ ಮಾತ್ರ ಹಳೆಯದೇ!

ಈಗ ಛಾವಣಿಗೆ ಸೋಲಾರ್ ಬಂದಿದೆ. ಆದರೆ ಆಷಾಢದ ಮೋಡದಡಿ ಅದು ಕೈಕೊಡುತ್ತದೆ. ಮಳೆಸೀಮೆಗೆ ಯೋಜನೆ ರೂಪಿಸುವವರು ಸೋಲಾರ್ ಜೊತೆಗೆ ಇಂಥ ಒಲೆಗೂ ಸಹಾಯಧನ ಕೊಡಬೇಕು.